ನೂರೆಂಬತ್ತು ಮಿಲಿಮೀಟರಿನ ಒಪ್ಪಂದ: ಹಳೆ ಕಾರಿನ ಸ್ಟೀರಿಯೋಗೊಂದು ವಿಮರ್ಶೆ

ಪುಸ್ತಕಕ್ಕೆ ವಿಮರ್ಶೆ ಬರೀತೀವಿ, ಸಿನಿಮಾಕ್ಕೆ ಬರೀತೀವಿ, ಈಚೆಗೆ ಹೋಟೆಲಿನ ದೋಸೆಗೂ ಬರೀತೀವಿ. ಕಾರ್ ಸ್ಟೀರಿಯೋ ವಿಷಯಕ್ಕೆ ಬಂದರೆ ಮಾತ್ರ ಸಿಗೋದು ಬರೀ ರಿವ್ಯೂ. ಐದಕ್ಕೆ ನಾಲ್ಕು ಸ್ಟಾರು, ಬ್ಲೂಟೂತ್ ಬೇಗ ಕನೆಕ್ಟ್ ಆಗುತ್ತೆ, ಬಾಸ್ ಚೆನ್ನಾಗಿದೆ, ಮುಗೀತು. ಕೊಳ್ಳಬಹುದಾ ಬೇಡವಾ ಅನ್ನೋದಷ್ಟೇ ಅಲ್ಲಿನ ಪ್ರಶ್ನೆ. ವಿಮರ್ಶೆ ಇನ್ನೂ ಸ್ವಲ್ಪ ಕೆದಕಬೇಕು. ಈ ವಸ್ತು ಹೀಗೇ ಯಾಕೆ ಆಯಿತು? ಹೀಗಾದದ್ದರಿಂದ ಯಾರಿಗೆ ಅನುಕೂಲ? ಹಳೇದನ್ನು ಬಿಚ್ಚಿ ಹೊಸದನ್ನು ಹಾಕುವಾಗ ನಾವು ಪಡೆಯೋದೇನು, ಕಳಕೊಳ್ಳೋದೇನು?

ಈ ಬರಹದ ಜೊತೆಗಿನ ಕಂತನ್ನು ನಿಮ್ಮಲ್ಲಿ ಬಹಳ ಜನ ಕಾರಿನಲ್ಲೇ ಕೇಳುತ್ತಿರಬಹುದು. ಹೊರದೇಶದಲ್ಲಿ ಕನ್ನಡ ಕಿವಿಗೆ ಬೀಳುವ ಜಾಗಗಳು ಎಣಿಸಿದಷ್ಟು: ಅಡುಗೆಮನೆ, ಊರಿಗೆ ಮಾಡುವ ವಿಡಿಯೋ ಕಾಲ್, ತಿಂಗಳಿಗೊಮ್ಮೆ ಕನ್ನಡ ಕೂಟ, ಮಕ್ಕಳಿದ್ದರೆ ವಾರಾಂತ್ಯದ ಕನ್ನಡ ಶಾಲೆ. ಇವೆಲ್ಲಕ್ಕಿಂತ ಹೆಚ್ಚು ಹೊತ್ತು ಒಂದೇ ಕಡೆ ಕೂತು ಸುಮ್ಮನೆ ಕೇಳಿಸಿಕೊಳ್ಳುವ ಜಾಗ ಅಂದರೆ ಕಾರು. ಶಾಲೆಗೆ, ಈಜು ಕ್ಲಾಸಿಗೆ, ದಿನಸಿಗೆ, ಆಫೀಸಿಗೆ ಓಡಾಡುವ ಅಷ್ಟೂ ಹೊತ್ತು ಅಲ್ಲಿ ಯಾವ ಭಾಷೆ ಕೇಳಬೇಕು ಅನ್ನೋದನ್ನ ತೀರ್ಮಾನ ಮಾಡೋದು ಡ್ಯಾಶ್‌ಬೋರ್ಡಿನ ನಡುವೆ ಇರುವ ಒಂದು ಡಬ್ಬಿ. ಹಾಗಾಗಿ ಆ ಡಬ್ಬಿಯನ್ನ ಸ್ವಲ್ಪ ಗಂಭೀರವಾಗಿ ನೋಡೋಣ ಅಂತ.

ಹಳೆ ಕಾರೇ ಯಾಕೆ? ಬಹಳ ಜನರ ಹತ್ತಿರ ಇರೋದು ಅದೇ. ಅಮೆರಿಕದ ರಸ್ತೆಗಳಲ್ಲಿ ಓಡಾಡುವ ವಾಹನಗಳ ಸರಾಸರಿ ವಯಸ್ಸು ಎಸ್ ಅಂಡ್ ಪಿ ಗ್ಲೋಬಲ್ ಮೊಬಿಲಿಟಿಯ 2025ರ ಲೆಕ್ಕದಲ್ಲಿ 12.8 ವರ್ಷ. ಓದೋಕೆ ಬಂದವರು, ಹೊಸದಾಗಿ ಕೆಲಸಕ್ಕೆ ಸೇರಿದವರು ಕೊಳ್ಳುವ ಮೊದಲ ಕಾರು ಸಾಮಾನ್ಯವಾಗಿ ಅದಕ್ಕಿಂತಲೂ ಹಳೇದು. ಇಂಜಿನ್ ಗಟ್ಟಿಯಾಗಿರುತ್ತೆ, ಎಸಿ ಕೆಲಸ ಮಾಡುತ್ತೆ. ಸ್ಟೀರಿಯೋ ಮಾತ್ರ ಸಿ.ಡಿ. ಕೇಳುತ್ತೆ. ಮನೆಯಲ್ಲಿ ಸಿ.ಡಿ. ಯಾರ ಹತ್ತಿರ ಇದೆ?

ಆಯತದ ಹಿಂದಿನ ಕಥೆ

ಹಳೆ ಕಾರಿನ ರೇಡಿಯೋ ಇರುವ ಜಾಗವನ್ನ ಅಳತೆ ಮಾಡಿ ನೋಡಿ. ಅಗಲ 180 ಮಿಲಿಮೀಟರ್, ಎತ್ತರ 50 ಮಿಲಿಮೀಟರ್. ಇಲ್ಲವಾದರೆ ಅದರ ಎರಡರಷ್ಟು ಎತ್ತರ, 180ಕ್ಕೆ 100. ಇದು ಜರ್ಮನಿಯ ಮಾನಕ ಸಂಸ್ಥೆ ‘ಡಿನ್’ ಗೊತ್ತುಮಾಡಿದ ಅಳತೆ. ಆಮೇಲೆ ಅದೇ ಐಎಸ್‌ಒ 7736 ಅನ್ನೋ ಅಂತರರಾಷ್ಟ್ರೀಯ ಮಾನಕವಾಯಿತು. ಅದಕ್ಕೇ ಅಂಗಡಿಯವರು ಇವತ್ತಿಗೂ ‘ಸಿಂಗಲ್ ಡಿನ್’, ‘ಡಬಲ್ ಡಿನ್’ ಅಂತಾರೆ.

ನೋಡೋಕೆ ಬರೀ ಒಂದು ತೂತು. ಅದರ ಅರ್ಥ ಮಾತ್ರ ದೊಡ್ಡದು. ಕಾರು ಮಾಡುವವನು ಒಬ್ಬ, ರೇಡಿಯೋ ಮಾಡುವವನು ಇನ್ನೊಬ್ಬ, ಇಬ್ಬರೂ ಮುಖಾಮುಖಿ ಮಾತಾಡುವ ಅಗತ್ಯವೇ ಇಲ್ಲ. ಈ ಅಳತೆಗೆ ಇಬ್ಬರೂ ಬದ್ಧರಾದರೆ ಸಾಕು, ಉಳಿದದ್ದು ಕಾರಿನ ಯಜಮಾನನಿಗೆ ಬಿಟ್ಟದ್ದು. ನಾನು ದಿನಾ ಮಾಡುವ ಕೆಲಸದಲ್ಲಿ ಇಂಥದ್ದಕ್ಕೆ ಇಂಟರ್‌ಫೇಸ್ ಅಂತೀವಿ. ಒಳ್ಳೆ ಇಂಟರ್‌ಫೇಸ್ ಇದ್ದರೆ ಒಂದು ಭಾಗ ಹಳೇದಾದಾಗ ಅದನ್ನಷ್ಟೇ ತೆಗೆದು ಹೊಸದನ್ನ ಕೂರಿಸಬಹುದು, ಇಡೀ ವ್ಯವಸ್ಥೆ ಕೆಡವಬೇಕಿಲ್ಲ. ಕಾರಿಗೆ ಇದು ಬೇಕೇ ಬೇಕು, ಯಾಕಂದರೆ ಕಾರಿನ ಆಯಸ್ಸು ಹದಿನೈದು ವರ್ಷ, ಸದ್ದು ಕೇಳಿಸುವ ತಂತ್ರಜ್ಞಾನದ ಆಯಸ್ಸು ಅದರ ಅರ್ಧವೂ ಇಲ್ಲ. ಕ್ಯಾಸೆಟ್ ಬಂತು, ಸಿ.ಡಿ. ಬಂತು, ಹೆಡ್‌ಫೋನ್ ಪಿನ್ನಿನ ಆಕ್ಸ್ ಬಂತು, ಯುಎಸ್‌ಬಿ, ಬ್ಲೂಟೂತ್, ಅದಾದ ಮೇಲೆ 2014ರಲ್ಲಿ ಆಪಲ್ ಕಾರ್‌ಪ್ಲೇ, 2015ರಲ್ಲಿ ಆಂಡ್ರಾಯ್ಡ್ ಆಟೋ. ಇಷ್ಟೂ ಬದಲಾವಣೆ ಅದೇ 180 ಮಿಲಿಮೀಟರಿನ ಬಾಗಿಲಲ್ಲಿ ಒಳಗೆ ಬಂದವು.

ಬೆಂಗಳೂರಿನಲ್ಲಿ ಬೆಳೆದವರಿಗೆ ಈ ಆಯತ ಅಪರಿಚಿತವೇನಲ್ಲ. ಕಾರು ಬರೋದು ಶೋರೂಮಿನಿಂದ, ‘ಸೆಟ್’ ಹಾಕಿಸೋದು ಜೆ.ಸಿ. ರಸ್ತೆಯಲ್ಲಿ. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ರೇಡಿಯೋ ಜಾಗ ಖಾಲಿಯಾಗೇ ಇರುತ್ತಿತ್ತು, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಅಷ್ಟೆ. ಕಂಪನಿಯವರು ದುಡ್ಡು ಉಳಿಸೋಕೆ ಹಾಗೆ ಮಾಡಿದ್ದು, ಖಂಡಿತ. ಆದರೆ ಅದರ ಪರಿಣಾಮ ಚೆನ್ನಾಗಿತ್ತು. ಯಾವ ಡೆಕ್, ಎಷ್ಟು ಸ್ಪೀಕರ್, ಹಿಂದಿನ ಟ್ರೇ ಮೇಲೆ ಏನಿರಬೇಕು ಅಂತ ಮನೆಯವರು ಅಂಗಡಿ ಮುಂದೆ ನಿಂತು ಚರ್ಚೆ ಮಾಡಿ ತೀರ್ಮಾನ ಮಾಡ್ತಿದ್ದರು. ಅಮೆರಿಕದಲ್ಲೂ ಇದಕ್ಕೆ ಸಾಟಿಯಾದ ಒಂದು ಸಂಪ್ರದಾಯ ಇದೆ. ಬಿಲ್ ಕ್ರಚ್‌ಫೀಲ್ಡ್ ಅನ್ನೋರು ತಮ್ಮ ಹಳೆ ಪೋರ್ಶೆ 356ಕ್ಕೆ ಒಳ್ಳೆ ಸ್ಟೀರಿಯೋ ಎಲ್ಲೂ ಸರಿಯಾಗಿ ಸಿಗಲಿಲ್ಲ ಅಂತ 1974ರಲ್ಲಿ ವರ್ಜೀನಿಯಾದಲ್ಲಿ ಅಂಚೆ ಮೂಲಕ ಮಾರುವ ವ್ಯಾಪಾರ ಶುರು ಮಾಡಿದರು. ಅದು ಇವತ್ತಿಗೂ ನಡೀತಿದೆ. ಜೆ.ಸಿ. ರಸ್ತೆಯಲ್ಲಿ ಹುಡುಗರು ಹಾಕಿಕೊಡುತ್ತಿದ್ದರು, ಇಲ್ಲಿ ಪೆಟ್ಟಿಗೆ ಮನೆಗೆ ಬರುತ್ತೆ, ಹಾಕಿಕೊಳ್ಳೋದು ನೀವೇ. ಎರಡೂ ಕಡೆ ಆಯ್ಕೆ ಯಜಮಾನನದು.

ಒಪ್ಪಂದ ಮುರಿದ ಬಗೆ

ಎರಡು ಕಾರುಗಳನ್ನ ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತೆ. ಮೊದಲನೇದು ಅಮೆರಿಕದಲ್ಲಿ 2009ರಿಂದ 2013ರ ಮಾಡೆಲ್ ವರ್ಷಗಳಲ್ಲಿ ಬಂದ ಟೊಯೋಟಾ ಕೊರೊಲ್ಲಾ. ಎರಡನೇದು 2003ರಿಂದ 2007ರವರೆಗಿನ ಹೋಂಡಾ ಅಕಾರ್ಡ್. ನಮ್ಮವರ ಮನೆಗಳ ಮುಂದೆ ಎರಡೂ ಬೇಕಾದಷ್ಟು ನಿಂತಿವೆ.

ಕೊರೊಲ್ಲಾದಲ್ಲಿ ರೇಡಿಯೋ ಒಂದು ಕಡೆ, ಅದರ ಕೆಳಗೆ ಎಸಿಯ ತಿರುಗಣೆಗಳು ಬೇರೆ. ರೇಡಿಯೋ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಕ್ಲಿಪ್ಪಿನ ಮೇಲೆ ನಿಂತಿದೆ. ಪ್ಲಾಸ್ಟಿಕ್ ಪಟ್ಟಿಯೊಂದನ್ನ ತೂರಿಸಿ ಮೆಲ್ಲಗೆ ಮೀಟಿದರೆ ಟಕ್ ಟಕ್ ಅಂತ ಬಿಡುತ್ತೆ. ಒಳಗೆ ನಾಲ್ಕು ಬೋಲ್ಟು, ಹಿಂದೆ ಒಂದಿಷ್ಟು ಪ್ಲಗ್ಗು, ಒಂದು ಆಂಟೆನಾ ತಂತಿ. ಅಷ್ಟೇ. ಟೊಯೋಟಾ ತನ್ನ ರೇಡಿಯೋವನ್ನ ಮಾನಕಕ್ಕಿಂತ ಸ್ವಲ್ಪ ಅಗಲ ಮಾಡಿ 200 ಮಿಲಿಮೀಟರಿಗೆ ತಂದಿದೆ. ಹಾಗಾಗಿ ಹೊಸದನ್ನ ಕೂರಿಸಿದಾಗ ಎರಡೂ ಬದಿಗೆ ಹತ್ತು ಹತ್ತು ಮಿಲಿಮೀಟರ್ ಸಂದಿ ಉಳಿಯುತ್ತೆ. ಅದನ್ನ ಮುಚ್ಚೋಕೆ ಪ್ಲಾಸ್ಟಿಕ್ ಪಟ್ಟಿ ಸಿಗುತ್ತೆ. ಒಪ್ಪಂದದಿಂದ ಒಂದಿಷ್ಟು ಸರಿದಿದ್ದಾರೆ, ಮುರಿದಿಲ್ಲ.

ಆ ಅಕಾರ್ಡ್‌ನಲ್ಲಿ ರೇಡಿಯೋ ಎಲ್ಲಿ ಮುಗಿದು ಎಸಿ ಎಲ್ಲಿ ಶುರುವಾಗುತ್ತೆ ಅಂತ ಗೆರೆ ಎಳೆಯೋಕೆ ಆಗೋದಿಲ್ಲ. ಎರಡೂ ಒಂದೇ ಫಲಕದೊಳಗೆ ಸೇರಿಕೊಂಡಿವೆ. ನೋಡೋಕೆ ಚಂದ, ಒಪ್ಪಬೇಕು. ಗುಂಡಿಗಳ ಸಾಲು ಒಂದೇ ಕೈಬರಹದಲ್ಲಿ ಬರೆದ ಹಾಗಿದೆ. ಆದರೆ ಅದರಿಂದ ರೇಡಿಯೋ ತೆಗೀಬೇಕು ಅಂದರೆ ಎಸಿಯ ಗುಂಡಿಗಳಿಗೂ ಬೇರೆ ಗತಿ ಕಾಣಿಸಬೇಕು. ಅದಕ್ಕೆ ಅಂತಲೇ ಬೇರೆಯವರು ಮಾಡಿರುವ ಕಿಟ್ ಸಿಗುತ್ತೆ, ಸ್ಟೀರಿಯೋ ಬೆಲೆಯ ಜೊತೆಗೆ ಅದರ ಬೆಲೆಯೂ ಸೇರುತ್ತೆ.

ಈ ಬೆರಕೆ ನೋಟಕ್ಕಷ್ಟೇ ನಿಲ್ಲಲಿಲ್ಲ. ಜನರಲ್ ಮೋಟರ್ಸ್‌ನ 2000ದ ದಶಕದ ಎಷ್ಟೋ ಗಾಡಿಗಳಲ್ಲಿ ಸೀಟ್ ಬೆಲ್ಟ್ ಹಾಕಿಲ್ಲ ಅಂತ ಎಚ್ಚರಿಸುವ ಟಿಂಗ್ ಟಿಂಗ್ ಸದ್ದು ಬರೋದೇ ರೇಡಿಯೋ ಮೂಲಕ. ರೇಡಿಯೋ ಬಿಚ್ಚಿದರೆ ಕಾರಿನ ಎಚ್ಚರಿಕೆಯ ದನಿ ಅಡಗಿಹೋಗುತ್ತೆ. ಅದನ್ನ ಉಳಿಸಿಕೊಳ್ಳೋಕೆ ನಡುವೆ ಇನ್ನೊಂದು ಎಲೆಕ್ಟ್ರಾನಿಕ್ ಡಬ್ಬಿ ಹಾಕಬೇಕು. ಕಾರಿನ ಸುರಕ್ಷತೆಗೆ ಬೇಕಾದ ಸದ್ದನ್ನ ಹಾಡು ಕೇಳುವ ಡಬ್ಬಿಗೆ ಕಟ್ಟಿಹಾಕಿದ್ದು ಕೆಟ್ಟ ವಿನ್ಯಾಸ ಅಂತಲೇ ನನ್ನ ತೀರ್ಪು. ತಯಾರಿಕೆಯಲ್ಲಿ ಒಂದು ಪುಟ್ಟ ಸ್ಪೀಕರ್ ಉಳಿದಿರಬಹುದು. ಅದರ ಬೆಲೆ ತೆತ್ತವರು ಮಾತ್ರ ಹತ್ತು ವರ್ಷದ ಮೇಲೆ ಆ ಕಾರನ್ನ ಕೊಂಡವರು.

ಈ ದಾರಿಯಲ್ಲಿ ಮುಂದೆ ಹೋದರೆ ಏನಾಗುತ್ತೆ ಅನ್ನೋದಕ್ಕೆ 2022ರಲ್ಲಿ ಸಿಯಾಟಲ್‌ನಲ್ಲಿ ನಡೆದದ್ದು ಸಾಕ್ಷಿ. ಅಲ್ಲಿನ ಕೆಯುಒಡಬ್ಲ್ಯೂ ಅನ್ನೋ ಎಫ್‌ಎಂ ಸ್ಟೇಷನ್ 94.9ರಲ್ಲಿ ಬರುತ್ತೆ. ಅದು ಡಿಜಿಟಲ್ ಪ್ರಸಾರದ ಜೊತೆ ಕಳಿಸಿದ ಚಿತ್ರದ ಫೈಲುಗಳ ಹೆಸರಿನ ಕೊನೆಗೆ, ಇದು ಯಾವ ಬಗೆಯ ಫೈಲು ಅಂತ ಹೇಳುವ ಬಾಲ ಇರಲಿಲ್ಲ. ಅಷ್ಟಕ್ಕೇ 2014ರಿಂದ 2017ರ ಕೆಲವು ಮಜ್ದಾ ಕಾರುಗಳ ಇನ್ಫೋಟೈನ್‌ಮೆಂಟ್ ಕಂಗಾಲಾಗಿ ಮತ್ತೆ ಮತ್ತೆ ರೀಬೂಟ್ ಆಗತೊಡಗಿತು. ರೇಡಿಯೋ ಅದೇ ಸ್ಟೇಷನ್ನಿಗೆ ಅಂಟಿಕೊಂಡಿತು, ಬ್ಲೂಟೂತ್ ಇಲ್ಲ, ಮ್ಯಾಪ್ ಇಲ್ಲ. ಕೊನೆಗೆ ಕಂಪನಿಯೇ ಆ ಭಾಗವನ್ನ ಬದಲಿಸಿಕೊಡಬೇಕಾಯಿತು. ಕೇಳೋಕೆ ತಮಾಷೆಯಾಗಿದೆ. ಆದರೆ ಒಂದು ಫೈಲಿನ ಹೆಸರು ಸರಿಯಿಲ್ಲ ಅಂತ ಡ್ಯಾಶ್‌ಬೋರ್ಡಿನ ಅರ್ಧ ಸತ್ತುಹೋಗುವ ಹಾಗಿದ್ದರೆ, ಅಲ್ಲಿ ರೇಡಿಯೋ ಅನ್ನೋದು ರೇಡಿಯೋ ಆಗಿ ಉಳಿದಿರಲಿಲ್ಲ ಅಂತಲೇ ಅರ್ಥ.

ಎದುರು ಪಕ್ಷಕ್ಕೂ ಒಂದು ಮಾತಿದೆ. ಎಲ್ಲ ಕಾರಿಗೂ ಒಂದೇ ಅಳತೆಯ ಡೆಕ್ ಇದ್ದಾಗ ಕದಿಯೋದು ಸುಲಭವಾಗಿತ್ತು. ಕಾರು ಬಿಟ್ಟು ಹೋಗುವಾಗ ಸ್ಟೀರಿಯೋದ ಮುಖವನ್ನೇ ಕಿತ್ತು ಕೈಯಲ್ಲಿ ಹಿಡಿದು ಮದುವೆ ಮನೆಗೆ ಹೋದವರನ್ನ ನಾವೆಲ್ಲ ನೋಡಿದ್ದೇವೆ. ಕಾರಿಗೇ ಹೊಂದಿಕೊಂಡ ರೇಡಿಯೋವನ್ನ ಕದ್ದರೆ ಬೇರೆ ಕಡೆ ಉಪಯೋಗಕ್ಕೆ ಬರಲ್ಲ, ಹಾಗಾಗಿ ಕಳ್ಳತನ ತಗ್ಗೋಕೆ ಅದೂ ಒಂದು ಕಾರಣ. ಇನ್ನೊಂದು, 2018ರ ಮೇ ತಿಂಗಳಿಂದ ಅಮೆರಿಕದ ಮಾರುಕಟ್ಟೆಗೆ ತಯಾರಾಗುವ ಎಲ್ಲ ಹೊಸ ಕಾರುಗಳಿಗೂ ರಿವರ್ಸ್ ಕ್ಯಾಮೆರಾ ಕಡ್ಡಾಯ. ಅಂದರೆ ಪರದೆ ಈಗ ಶೋಕಿಯ ವಸ್ತುವಲ್ಲ. ಹಿಂದೆ ಆಡುತ್ತಿರುವ ಮಗು ಕಾಣಬೇಕಾದ ಜಾಗ ಅದು. ಕಾರಿನ ಜೊತೆ ಪರದೆಗೆ ನಂಟು ಇರಬೇಕಾದ್ದು ನಿಜ. ಆದರೆ ಕ್ಯಾಮೆರಾಕ್ಕೆ ಬೇಕಿರೋದು ಚಿತ್ರದ ಒಂದು ತಂತಿ, ಗೇರು ರಿವರ್ಸಿಗೆ ಬಿತ್ತು ಅಂತ ಹೇಳುವ ಇನ್ನೊಂದು ತಂತಿ. ಹಳೆ ಕಾರಿಗೂ ಅದನ್ನ ಮುನ್ನೂರು ರೂಪಾಯಿನ ಊಟದಷ್ಟು ಸಲೀಸಾಗಿ ಸೇರಿಸಬಹುದು ಅಂತ ನಾನು ಹೇಳಲ್ಲ, ಬಂಪರಿನವರೆಗೆ ತಂತಿ ಎಳೆಯೋ ಹೊತ್ತಿಗೆ ಬೆನ್ನು ಹಿಡಿಯುತ್ತೆ. ಆದರೆ ಅದಕ್ಕೆ ಡ್ಯಾಶ್‌ಬೋರ್ಡನ್ನೇ ಬೀಗ ಹಾಕಿ ಮುಚ್ಚಬೇಕಿಲ್ಲ.

ಹಳೇದು ಸರಿಯಾಗಿ ಮಾಡಿದ್ದು

ಇಷ್ಟು ಹೇಳಿದ ಮೇಲೆ ಹೊಸ ಸ್ಟೀರಿಯೋ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತೆ ಅನ್ನುವ ಹಾಗಿಲ್ಲ. ಫ್ಯಾಕ್ಟರಿ ಸ್ಟೀರಿಯೋದಲ್ಲಿ ಒಂದು ಗುಣ ಇತ್ತು: ದಪ್ಪನೆಯ ವಾಲ್ಯೂಮ್ ತಿರುಗಣೆ. ಕಣ್ಣು ರಸ್ತೆ ಮೇಲಿದ್ದಾಗಲೇ ಕೈ ಹೋಗಿ ಅದನ್ನ ಹಿಡಿಯುತ್ತೆ. ಹಿಂದಿನ ಸೀಟಿನಿಂದ “ಅಪ್ಪಾ” ಅಂತ ಕರೆ ಬಂದ ತಕ್ಷಣ ಸದ್ದು ಇಳಿಸಬಹುದು.

ಸ್ವೀಡನ್ನಿನ ‘ವಿ ಬಿಲ್ಯೆಗಾರೆ’ ಅನ್ನೋ ವಾಹನ ಪತ್ರಿಕೆ 2022ರಲ್ಲಿ ಇದನ್ನೇ ಅಳೆದು ನೋಡಿತು. ಪರದೆ ಇರುವ ಹನ್ನೊಂದು ಹೊಸ ಕಾರುಗಳು, ಅವುಗಳ ಜೊತೆ ಗುಂಡಿಗಳೇ ತುಂಬಿರುವ 2005ರ ಒಂದು ವೋಲ್ವೋ ವಿ70. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗ್ತಾ ನಾಲ್ಕು ಸರಳ ಕೆಲಸ ಮಾಡಬೇಕು. ರೇಡಿಯೋ ಹಾಕಿ ಇಂಥದೇ ಸ್ಟೇಷನ್ ಹಿಡಿಯೋದು ಅದರಲ್ಲೊಂದು. ಹಳೆ ವೋಲ್ವೋದಲ್ಲಿ ನಾಲ್ಕೂ 10 ಸೆಕೆಂಡಿನಲ್ಲಿ ಮುಗಿದವು, ಅಷ್ಟರಲ್ಲಿ ಕಾರು ಹೋದದ್ದು 306 ಮೀಟರ್. ಎಲ್ಲಕ್ಕಿಂತ ಹಿಂದೆ ಬಿದ್ದ ಎಂಜಿ ಮಾರ್ವೆಲ್ ಆರ್ 44.9 ಸೆಕೆಂಡ್ ತಗೊಂಡಿತು, ಅಂದರೆ 1,372 ಮೀಟರ್. ಯುರೋಪಿನ ಕಾರು ಸುರಕ್ಷತಾ ಪರೀಕ್ಷೆ ನಡೆಸುವ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಹಾರ್ನು, ಇಂಡಿಕೇಟರು, ವೈಪರಿನಂಥ ಮುಖ್ಯ ಕೆಲಸಗಳಿಗೆ ಕೈಗೆ ಸಿಗುವ ಗುಂಡಿ ಇರಲಿ ಅಂತ ತನ್ನ ಅಂಕಗಳ ಮೂಲಕ ಕಂಪನಿಗಳನ್ನ ತಳ್ಳುತ್ತಿದೆ.

ಈಗ ಅಂಗಡಿಯಲ್ಲಿ ಸಿಗುವ ಬದಲಿ ಸ್ಟೀರಿಯೋಗಳನ್ನ ನೋಡಿ. ಮುಖದ ತುಂಬ ಪರದೆ. ವಾಲ್ಯೂಮ್ ಅಂದರೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಎರಡು ಗುಂಡಿ, ಕೆಲವದರಲ್ಲಿ ಅದೂ ಇಲ್ಲ. ಕೆಲವು ಹತ್ತಿಂಚಿನ ಪರದೆಗಳು ಡ್ಯಾಶ್‌ಬೋರ್ಡಿನ ಮುಂದೆ ತೇಲುವ ಹಾಗೆ ನಿಂತು ಎಸಿ ಗಾಳಿಗೆ ಅಡ್ಡ ಬರುತ್ತವೆ. ಹಳೆ ಕಾರಿನ ಒಂದೇ ಒಂದು ಒಳ್ಳೆ ಗುಣವನ್ನ ಕಿತ್ತುಹಾಕಿ, ಹೊಸ ಕಾರಿನ ಕೆಟ್ಟ ಗುಣವನ್ನ ದುಡ್ಡು ಕೊಟ್ಟು ತಂದ ಹಾಗೆ.

ಸಮಾಧಾನ ಏನಂದರೆ ಸ್ಟೀರಿಂಗ್ ಮೇಲಿನ ಗುಂಡಿಗಳನ್ನ ಉಳಿಸಿಕೊಳ್ಳಬಹುದು. ಆ ಕಾಲದ ಎಷ್ಟೋ ಕಾರುಗಳಲ್ಲಿ ಪ್ರತಿ ಗುಂಡಿಗೂ ಒಂದೊಂದು ಬೇರೆ ಬೆಲೆಯ ರೆಸಿಸ್ಟರ್ ಇರುತ್ತೆ. ಗುಂಡಿ ಒತ್ತಿದಾಗ ಒಂದೇ ತಂತಿಯಲ್ಲಿ ವೋಲ್ಟೇಜ್ ಬೇರೆ ಬೇರೆ ಮಟ್ಟಕ್ಕೆ ಹೋಗುತ್ತೆ. ನಡುವೆ ಹಾಕುವ ಪುಟ್ಟ ಅಡಾಪ್ಟರ್ ಆ ಮಟ್ಟವನ್ನ ಅಳೆದು ‘ಇದು ವಾಲ್ಯೂಮ್ ಹೆಚ್ಚು ಮಾಡೋದು, ಇದು ಮುಂದಿನ ಹಾಡು’ ಅಂತ ಗುರುತು ಹಿಡಿಯುತ್ತೆ. ನಾವು ಆಫೀಸಿನಲ್ಲಿ ದೊಡ್ಡ ಹೆಸರಿಟ್ಟು ಮಾಡುವ ವರ್ಗೀಕರಣದ ಕೆಲಸವೇ ಇದು. ಇಲ್ಲಿ ಐದಾರು ಗುಂಡಿ, ನಡುವೆ ಬೇಕಾದಷ್ಟು ಅಂತರ, ತಪ್ಪುವ ಮಾತೇ ಕಡಿಮೆ.

ವ್ಯಾಟಿನ ಲೆಕ್ಕ

ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತೆ: ‘50 ವ್ಯಾಟ್ × 4’. ಸಂಖ್ಯೆ ಕಂಡರೆ ಲೆಕ್ಕ ಹಾಕೋದು ನನ್ನ ಕಸುಬಿನ ಚಾಳಿ, ಇದನ್ನೂ ಹಾಕೋಣ. ಇಂಜಿನ್ ಓಡುತ್ತಿರುವಾಗ ಕಾರು ಕೊಡುವ ವೋಲ್ಟೇಜ್ ಹೆಚ್ಚೆಂದರೆ 14.4. ಸ್ಪೀಕರಿನ ತಡೆ 4 ಓಮ್. ಸ್ಟೀರಿಯೋ ಒಳಗಿನ ಆಂಪ್ಲಿಫೈಯರಿಗೆ ಸಿಗೋದು ಇಷ್ಟೇ ವೋಲ್ಟೇಜ್. ಶುದ್ಧವಾದ ಅಲೆಯೊಂದನ್ನ ಅದು ನುಡಿಸಿದರೆ ಒಂದು ಸ್ಪೀಕರಿಗೆ ಸಿಗುವ ಗರಿಷ್ಠ ಶಕ್ತಿ ಸುಮಾರು 26 ವ್ಯಾಟ್, ಅದೂ ಒಳಗೆ ಏನೂ ನಷ್ಟವಾಗದಿದ್ದರೆ. ಹಾಗಾದರೆ 50 ಎಲ್ಲಿಂದ ಬಂತು? ಅಲೆಯ ತಲೆ, ಬುಡ ಎರಡನ್ನೂ ಪೂರ್ತಿ ಕತ್ತರಿಸಿ ಚಚ್ಚೌಕ ಮಾಡಿಬಿಟ್ಟರೆ 14.4ರ ವರ್ಗವನ್ನ 4ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 52 ವ್ಯಾಟ್ ಬರುತ್ತೆ. ಆಗ ಕೇಳಿಸೋದು ಹಾಡಲ್ಲ, ಗೋಡೆ ಕೊರೆಯುವ ಸದ್ದು. ಆ ಸಂಖ್ಯೆ ಸುಳ್ಳಲ್ಲ, ಆದರೆ ನೀವು ಎಂದೂ ಕೇಳಬಾರದ ಸ್ಥಿತಿಯನ್ನ ಅಳೆದು ತಂದದ್ದು. ಪೆಟ್ಟಿಗೆಯ ಬದಿಯಲ್ಲಿ ಸಣ್ಣಕ್ಷರದಲ್ಲಿ ‘ಆರ್‌ಎಂಎಸ್’ ಅಂತ ಇರುವ 14ರಿಂದ 22ರೊಳಗಿನ ಸಂಖ್ಯೆಯೇ ನಿಜವಾದದ್ದು. ಫ್ಯಾಕ್ಟರಿ ಸ್ಟೀರಿಯೋಗೂ ಅದೇ ಬ್ಯಾಟರಿ, ಅದೇ ಗಣಿತ. ಹಾಗಾಗಿ ಸ್ಟೀರಿಯೋ ಒಂದನ್ನೇ ಬದಲಿಸಿ ಸದ್ದು ದುಪ್ಪಟ್ಟಾಗಲಿ ಅಂದರೆ ಆಗೋದಿಲ್ಲ. ಹತ್ತು ವರ್ಷ ಬಿಸಿಲು ತಿಂದ ಸ್ಪೀಕರಿನ ಕಾಗದ ಹರಿದಿದ್ದರೆ ಮೊದಲು ಅದನ್ನ ಬದಲಿಸಿ.

ಕನ್ನಡ ಅಕ್ಷರದ ಪರೀಕ್ಷೆ

ಇಷ್ಟು ಹೊತ್ತು ಹೇಳಿದ್ದು ಯಾವ ಭಾಷೆಯವರಿಗೂ ಅನ್ವಯಿಸುತ್ತೆ. ಈಗ ನಮ್ಮ ವಿಷಯ.

ಬ್ಲೂಟೂತ್ ಮೂಲಕ ಕನ್ನಡ ಕಂತೊಂದನ್ನ ಹಾಕಿ, ಸ್ಟೀರಿಯೋದ ಪರದೆ ನೋಡಿ. ಸದ್ದು ಸರಿಯಾಗೇ ಬರುತ್ತೆ. ಹೆಸರಿನ ಜಾಗದಲ್ಲಿ ಬಹಳ ಸ್ಟೀರಿಯೋಗಳಲ್ಲಿ ಕಾಣೋದು ಖಾಲಿ ಚೌಕಗಳ ಸಾಲು, ಇಲ್ಲವೇ ಪ್ರಶ್ನಾರ್ಥಕ ಚಿಹ್ನೆಗಳು. ತಪ್ಪು ಫೋನಿನದಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೂ ಜಾಗ ಇದೆ, ಫೋನು ಹೆಸರನ್ನ ಸರಿಯಾಗೇ ಕಳಿಸುತ್ತೆ. ಅದನ್ನ ಬಿಡಿಸಿ ತೋರಿಸುವ ಕೆಲಸ ಸ್ಟೀರಿಯೋದ್ದು. ಅದರೊಳಗೆ ಕನ್ನಡದ ಫಾಂಟ್ ಇರಬೇಕು. ಫಾಂಟ್ ಇದ್ದರೂ ಸಾಲದು, ಅಕ್ಷರಗಳನ್ನ ಒಂದರ ಕೆಳಗೊಂದು ಕೂರಿಸುವ ಬುದ್ಧಿಯೂ ಇರಬೇಕು. ‘ಸ್ತ್ರೀ’ ಅನ್ನೋದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಆರು ಸಂಕೇತಗಳ ಸಾಲು. ಅದನ್ನ ಜೋಡಿಸೋಕೆ ಬಾರದ ಯಂತ್ರ ‘ಅಮ್ಮ’ನನ್ನ ‘ಅಮ್‌ಮ’ ಮಾಡುತ್ತೆ, ‘ಅಜ್ಜಿ’ಯನ್ನ ‘ಅಜ್‌ಜಿ’ ಮಾಡುತ್ತೆ. ನಮಗೆ ಅದು ಕಿರಿಕಿರಿ ಅಷ್ಟೆ, ಹೇಗೋ ಓದಿಕೊಳ್ತೀವಿ. ಈಗಷ್ಟೇ ಒತ್ತಕ್ಷರ ಕಲಿಯುತ್ತಿರುವ ಮಗುವಿಗೆ ಅದು ತಪ್ಪು ಪಾಠ.

ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಎರಡೂ ಬೇರೆ ದಾರಿ ಹಿಡಿದಿವೆ. ಪರದೆ ಮೇಲೆ ಏನು ಕಾಣಬೇಕೋ ಅದಷ್ಟನ್ನೂ ಫೋನೇ ಬಿಡಿಸುತ್ತೆ, ಬಿಡಿಸಿದ್ದನ್ನ ವಿಡಿಯೋದ ಹಾಗೆ ಸ್ಟೀರಿಯೋಗೆ ಕಳಿಸುತ್ತೆ. ಸ್ಟೀರಿಯೋ ಅದನ್ನ ತೋರಿಸಬೇಕು, ಬೆರಳು ಎಲ್ಲಿ ಮುಟ್ಟಿತು ಅಂತ ವಾಪಸ್ ಹೇಳಬೇಕು. ಅದಕ್ಕೆ ಕನ್ನಡ ಗೊತ್ತಿರಬೇಕಾಗಿಲ್ಲ. ಫೋನಿಗೆ ಗೊತ್ತಿದ್ದರೆ ಸಾಕು, ಫೋನಿಗೆ ಗೊತ್ತಿದೆ. 2010ರ ಕೊರೊಲ್ಲಾದೊಳಗೆ ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ನೆಟ್ಟಗೆ ಬಂದು ಕೂರೋದು ಹೀಗೆ.

ಸ್ನೇಹಿತರೊಬ್ಬರ ಒಂಬತ್ತು ವರ್ಷದ ಮಗಳನ್ನ ಕನ್ನಡ ಕ್ಲಾಸಿಗೆ ಕರಕೊಂಡು ಹೋಗಿದ್ದೆ. ಪಾರ್ಕಿಂಗ್‌ನಲ್ಲಿ ನಿಲ್ಲಿಸಿದಾಗ ಅವಳು ಹಿಂದಿನ ಸೀಟಿನಿಂದ ಬಗ್ಗಿ ಪರದೆ ನೋಡಿ, “ಅಂಕಲ್, ಅದು ಅಜ್ಜಿ ಕಥೆ ಅಂತಾನಾ?” ಅಂದಳು. ಹೌದು ಅಂದೆ. “ಜ ಕೆಳಗೆ ಇನ್ನೊಂದು ಜ ಇದೆ, ಅದಕ್ಕೆ ಗೊತ್ತಾಯ್ತು” ಅಂದಳು. ಪಾಠದ ಪುಸ್ತಕದ ಹೊರಗೆ ಅವಳು ತಾನಾಗೇ ಓದುವ ಕನ್ನಡ ಎಷ್ಟಿರಬಹುದು ಅಂತ ಯೋಚಿಸಿ. ಬೋರ್ಡು, ಬಸ್ಸು, ಬಿಸ್ಕೆಟ್ ಪೊಟ್ಟಣ ಯಾವುದರ ಮೇಲೂ ಇಲ್ಲಿ ಕನ್ನಡ ಇಲ್ಲ. ಕಾರಿನ ಪರದೆ ಮೇಲೆ ಸರಿಯಾಗಿ ಮೂಡಿದ ಎರಡು ಪದ ಅವಳಿಗೆ ಊರಿನ ಮಕ್ಕಳಿಗೆ ಅಂಗಡಿಯ ಬೋರ್ಡು ಇದ್ದ ಹಾಗೆ.

ಈ ಕಾರಣಕ್ಕೇ ನನ್ನ ಒಲವು ತನ್ನಲ್ಲಿ ಬುದ್ಧಿ ಕಡಿಮೆ ಇಟ್ಟುಕೊಂಡ ಸ್ಟೀರಿಯೋ ಕಡೆಗೆ. ಒಳಗೇ ಪೂರ್ತಿ ಕಂಪ್ಯೂಟರು, ತನ್ನದೇ ಆಪ್ ಅಂಗಡಿ ಎಲ್ಲ ಇರುವ ಅಗ್ಗದ ಆಂಡ್ರಾಯ್ಡ್ ಡಬ್ಬಿಗಳು ಮೊದಲ ದಿನ ಕಣ್ಣು ಕೋರೈಸುತ್ತವೆ. ಅವುಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಬರೋದು ಅಪರೂಪ. ಮೂರು ವರ್ಷಕ್ಕೆ ನಿಧಾನ, ಐದು ವರ್ಷಕ್ಕೆ ಮುದಿ. ಕನ್ನಡಿಯ ಹಾಗೆ ಫೋನಿನದ್ದನ್ನ ತೋರಿಸುವ ಸ್ಟೀರಿಯೋ ಫೋನು ಬದಲಾದಾಗಲೆಲ್ಲ ತಾನೂ ಹೊಸದಾಗುತ್ತೆ. ಇದೇ ಮಾತನ್ನ ಕಾರು ಕಂಪನಿಗಳ ಮುಂದೆಯೂ ಇಡಬೇಕು. ಜನರಲ್ ಮೋಟರ್ಸ್ ತನ್ನ ಮುಂದಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಎರಡನ್ನೂ ಕೈಬಿಡ್ತೀವಿ ಅಂತ 2023ರಲ್ಲಿ ಪ್ರಕಟಿಸಿತು. ಎಲ್ಲವನ್ನೂ ಕಾರೇ ಮಾಡುತ್ತೆ ಅನ್ನೋದು ಅವರ ವಾದ. ಆ ಕಾರಿಗೆ ಕನ್ನಡ ಬರದಿದ್ದರೆ ಅದನ್ನ ಬಿಚ್ಚಿ ಬೇರೆ ಹಾಕೋಕೆ ಅಲ್ಲಿ ಆಯತವೇ ಇಲ್ಲ. ಸಣ್ಣ ಭಾಷೆಯವರಿಗೆ ಇದು ಸಣ್ಣ ವಿಷಯವಲ್ಲ.

ಹಾಕೋದಾದರೆ

ಎಲ್ಲರೂ ಹಾಕಲೇಬೇಕು ಅಂತಿಲ್ಲ. ಆಕ್ಸ್ ಪಿನ್ ಇರುವ ಕಾರಿಗೆ ಒಂದು ತಂತಿ, ಅಥವಾ ಆಕ್ಸ್‌ಗೆ ಸಿಕ್ಕಿಸುವ ಪುಟ್ಟ ಬ್ಲೂಟೂತ್ ರಿಸೀವರ್ ಸಾಕು. ಕ್ಯಾಸೆಟ್ ಡೆಕ್ ಇದ್ದರೆ ಕ್ಯಾಸೆಟ್ ಆಕಾರದ ಅಡಾಪ್ಟರ್ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತೆ. ಎಫ್‌ಎಂ ಟ್ರಾನ್ಸ್‌ಮಿಟರ್ ಮಾತ್ರ ದೊಡ್ಡ ಊರುಗಳಲ್ಲಿ ನಂಬೋಕಾಗಲ್ಲ, ಖಾಲಿ ಸ್ಟೇಷನ್ನೇ ಸಿಗೋದಿಲ್ಲ. ಅಕಾರ್ಡ್‌ನಂಥ ಬೆರಕೆ ಫಲಕ ಇರುವವರು ಮೊದಲು ಈ ಸಣ್ಣ ದಾರಿಗಳನ್ನ ನೋಡೋದು ಮೇಲು.

ಹಾಕುವವರು ಮೂರು ನೋಡಿ: ತಿರುಗಣೆ ಇದೆಯಾ, ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೋ ಇದೆಯಾ, ರಿವರ್ಸ್ ಕ್ಯಾಮೆರಾ ಸೇರಿಸೋಕೆ ಜಾಗ ಇದೆಯಾ. ಇನ್ನೊಂದು ಎಚ್ಚರಿಕೆ. ಪರದೆ ಇರುವ ಸ್ಟೀರಿಯೋಗಳಲ್ಲಿ ತಿಳಿ ಹಸಿರು ಬಣ್ಣದ ಒಂದು ತಂತಿ ಪಾರ್ಕಿಂಗ್ ಬ್ರೇಕಿಗೆ ಹೋಗಬೇಕು. ಕಾರು ನಿಂತಿದ್ದಾಗ ಮಾತ್ರ ಸಿನಿಮಾ ಓಡಲಿ ಅನ್ನೋದಕ್ಕೆ ಆ ಏರ್ಪಾಡು. ಅದನ್ನ ಸೀದಾ ಕಪ್ಪು ತಂತಿಗೆ ಸುತ್ತಿ ಯಂತ್ರವನ್ನ ಏಮಾರಿಸುವ ವಿಡಿಯೋಗಳು ನೂರಾರಿವೆ. ಹತ್ತು ನಿಮಿಷ ಉಳಿಯುತ್ತೆ, ನಿಜ. ಚಾಲಕನ ಕಣ್ಣೆದುರು ಸಿನಿಮಾ ಓಡುವ ಕಾರಿನಲ್ಲಿ ನನ್ನ ಮನೆಯವರನ್ನ ನಾನು ಕೂರಿಸೋದಿಲ್ಲ.

ಉಳಿದ ತಂತಿಗಳಿಗೂ ಕಂಪನಿಗಳು ಹೆಚ್ಚುಕಡಿಮೆ ಒಂದೇ ಬಣ್ಣದ ನಿಯಮ ಪಾಲಿಸುತ್ತವೆ. ಹಳದಿಗೆ ಸದಾ ಕರೆಂಟು, ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ, ಕಪ್ಪು ಗ್ರೌಂಡ್. ಬಿಳಿ ಮತ್ತು ಬೂದು ಮುಂದಿನ ಸ್ಪೀಕರುಗಳು, ಹಸಿರು ಮತ್ತು ನೇರಳೆ ಹಿಂದಿನವು. ಪಟ್ಟೆ ಇರುವುದು ಋಣ ತುದಿ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಋಣ ತಂತಿ ಬಿಚ್ಚಿಡಿ. ಆಯತದ ಒಪ್ಪಂದದ ಹಾಗೇ ಇದೂ ಒಂದು ಒಪ್ಪಂದ, ಬೇರೆ ಬೇರೆ ಕಂಪನಿಯವರು ಪಾಲಿಸಿಕೊಂಡು ಬಂದದ್ದರಿಂದ ನಮ್ಮಂಥವರು ಅಡುಗೆಮನೆ ಮೇಜಿನ ಮೇಲೆ ಕೂತು ತಂತಿ ಜೋಡಿಸೋಕೆ ಆಗುತ್ತೆ.

ಕೊನೆಯದಾಗಿ, ಕಾರಿನ ಸ್ವಂತ ಪ್ಲಗ್ಗನ್ನ ಯಾವ ಕಾರಣಕ್ಕೂ ಕತ್ತರಿಸಬೇಡಿ. ನಿಮ್ಮ ಮಾಡೆಲ್ಲಿಗೆ ಹೊಂದುವ ಅಡಾಪ್ಟರ್ ಪ್ಲಗ್ ಒಂದು ಒಳ್ಳೆ ಊಟದ ಬೆಲೆಗೆ ಸಿಗುತ್ತೆ. ಹೊಸ ಸ್ಟೀರಿಯೋದ ತಂತಿಗಳನ್ನ ಅದಕ್ಕೆ ಜೋಡಿಸಿ, ಕಾರಿಗೆ ಸಿಕ್ಕಿಸಿ. ಬಿಚ್ಚಿದ ಹಳೆ ಸ್ಟೀರಿಯೋ, ಅದರ ನಾಲ್ಕು ಬೋಲ್ಟು, ಎಲ್ಲವನ್ನೂ ಹೊಸದು ಬಂದ ಪೆಟ್ಟಿಗೆಯಲ್ಲೇ ತುಂಬಿ ಗ್ಯಾರೇಜಿನ ಅಟ್ಟದ ಮೇಲಿಡಿ. ನೀವು ಆ ಕಾರನ್ನ ಮಾರುವ ದಿನ ಪೆಟ್ಟಿಗೆಯನ್ನೂ ಜೊತೆಗೆ ಕೊಡಿ. ಕೊಂಡವರು ಯಾವ ದೇಶದವರೋ, ಯಾವ ಭಾಷೆ ಕೇಳುವವರೋ. ಅವರಿಗೆ ಬೇಕಾದ್ದನ್ನ ಹಾಕಿಕೊಳ್ಳೋಕೆ ಜಾಗ ಹಾಗೇ ಇರಲಿ.